ಗೋಡೆಯ ಮೇಲೆ ನಿಂತುಹೋದ 4.1

ಪ್ರೋಗ್ರಾಮಿನ ಆ ಮೂರು ಜಾಗಗಳನ್ನು ಖಾಲಿ ಬಿಟ್ಟವಳು ನಾನೇ. ಆ ಫೈಲನ್ನು ಬೇರೆ ಯಾರೂ ಮುಟ್ಟಿರಲಿಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಬರೆಯುವುದು ಸುಲಭವಾಗಬಹುದು ಅಂದುಕೊಂಡಿದ್ದೆ. ಹಾಗೇನೂ ಆಗುತ್ತಿಲ್ಲ.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು. ಬಸವನಗುಡಿಯ ಒಂದು ಸ್ಟೇಷನರಿ ಅಂಗಡಿಯ ಮಹಡಿಯ ಮೇಲೆ ನಮ್ಮ ಆಫೀಸು. ಮಾಲೀಕರು, ನಾನು ಸರ್ ಎನ್ನುತ್ತಿದ್ದವರು, ಕಾರ್ಖಾನೆಯೊಂದರಲ್ಲಿ ಇಪ್ಪತ್ತೆರಡು ವರ್ಷ ಇಂಜಿನಿಯರ್ ಆಗಿದ್ದು ಕೆಲಸ ಬಿಟ್ಟು ಬಂದವರು. ಸೆನ್ಸರ್, ವೈರು, ಬೆಸುಗೆ ಎಲ್ಲ ಅವರದು. ಪ್ರೋಗ್ರಾಂ ಬರೆಯುವುದು ನನ್ನದು. ಆಗ ನನಗೆ ಇಪ್ಪತ್ತಾರು ವರ್ಷ. ಹನುಮಂತನಗರದ ಮನೆಯಿಂದ ನಡೆದೇ ಬರುತ್ತಿದ್ದೆ.

ಚಾಮರಾಜಪೇಟೆಯಲ್ಲಿ ಟ್ರಸ್ಟ್ ಒಂದು ನಡೆಸುತ್ತಿದ್ದ ಸಣ್ಣ ರಕ್ತನಿಧಿಯಿಂದ ನಮಗೆ ಕೆಲಸ ಬಂತು. ರಕ್ತದ ಬ್ಯಾಗುಗಳನ್ನು ಎರಡರಿಂದ ಆರು ಡಿಗ್ರಿಯೊಳಗೆ ಇಡಬೇಕು. ಅಲ್ಲಿನ ದೊಡ್ಡ ಫ್ರಿಜ್ಜು ಹಳೆಯದು. ಅದರ ಅಲಾರಾಂ ಕೆಟ್ಟು ವರ್ಷಗಳಾಗಿದ್ದವು. ಒಳಗೆ ತೂಗುಹಾಕಿದ್ದ ಥರ್ಮಾಮೀಟರನ್ನು ಗಂಟೆಗೊಮ್ಮೆ ಬಾಗಿಲು ತೆರೆದು ನೋಡಿ ರಿಜಿಸ್ಟರಿನಲ್ಲಿ ಬರೆಯುತ್ತಿದ್ದರು. ಅದರ ಬದಲು ಒಳಗೊಂದು ಸೆನ್ಸರ್ ಇಟ್ಟು, ಗೋಡೆಯ ಮೇಲೆ ದೊಡ್ಡ ಕೆಂಪು ಅಂಕಿಯ ಬೋರ್ಡು ಹಾಕಿ, ಉಷ್ಣತೆ ಆರು ದಾಟಿದರೆ ಸೈರನ್ ಕೂಗುವಂತೆ ಮಾಡಿಕೊಡಿ ಎಂದರು.

ಪ್ರೋಗ್ರಾಂ ಹೇಗೆ ಕಟ್ಟಬೇಕೆಂದು ನಾನೂ ಸರ್ರೂ ಕೂತು ಮಾತಾಡಿಕೊಂಡೆವು. ಸೆನ್ಸರಿನಿಂದ ಒಂದು ಪುಟ್ಟ ಪೆಟ್ಟಿಗೆಗೆ ವೈರು, ಪೆಟ್ಟಿಗೆಯಿಂದ ಕಂಪ್ಯೂಟರಿಗೆ ಇನ್ನೊಂದು. ಐದು ಸೆಕೆಂಡಿಗೊಂದು ಅಂಕಿ ಬರುತ್ತಲೇ ಇರುತ್ತದೆ. ಆ ಅಂಕಿ ಬೇಕಾದವರು ಮೂವರು: ಗೋಡೆಯ ಬೋರ್ಡು, ದಾಖಲೆ ಬರೆಯುವ ಫೈಲು, ಸೈರನ್. ಈ ಮೂವರೂ ಪದೇ ಪದೇ ಹೋಗಿ “ಎಷ್ಟಾಯ್ತು?” ಎಂದು ಕೇಳುವ ಬದಲು, ಒಮ್ಮೆ ಹೆಸರು ಬರೆಸಿ ಸುಮ್ಮನಿರಬೇಕು; ಅಂಕಿ ಬಂದ ಕೂಡಲೇ ಮೂಲವೇ ಅವರಿಗೆ ತಲುಪಿಸಬೇಕು. ಚಂದಾ ಕಟ್ಟಿದವರ ಮನೆಗೆ ಪತ್ರಿಕೆ ಬರುತ್ತದಲ್ಲ, ಹಾಗೆ. ನಾವು ಅವರನ್ನು ಚಂದಾದಾರರು ಎಂದೇ ಕರೆಯುತ್ತಿದ್ದೆವು. ಈಗ ಇದಕ್ಕೆ ರಿಯಾಕ್ಟಿವ್ ಪ್ರೋಗ್ರಾಮಿಂಗ್ ಎಂಬ ಹೆಸರಿದೆ, ಸಿದ್ಧ ಸಾಮಗ್ರಿಯೂ ಸಿಗುತ್ತದೆ. ಆಗ ನಾನೇ ಕೈಯಾರೆ ಬರೆದೆ.

ಪ್ರತಿ ಚಂದಾದಾರನಿಗೂ ಮೂರು ಭಾಗ. ಹೊಸ ಅಂಕಿ ಬಂದರೆ ಏನು ಮಾಡಬೇಕು, ದೋಷ ಬಂದರೆ ಏನು ಮಾಡಬೇಕು, ಅಂಕಿಗಳ ಹರಿವು ಮುಗಿದರೆ ಏನು ಮಾಡಬೇಕು. ಒಮ್ಮೆ ದೋಷವೆಂದು ತಿಳಿಸಿದ ಮೇಲೆ ಆ ಹರಿವು ಅಲ್ಲಿಗೆ ನಿಂತಿತು. ಹೊಸದಾಗಿ ಹೆಸರು ಬರೆಸಿದರಷ್ಟೇ ಮತ್ತೆ ಅಂಕಿ ಬರುತ್ತದೆ. ನಿಯಮ ನನಗೆ ಚೆನ್ನಾಗಿ ಗೊತ್ತಿತ್ತು. ಬರೆದವಳೇ ನಾನು. ದೋಷದ ಭಾಗದಲ್ಲಿ ನಾನು ಮೊದಲು ಸರಿಯಾದದ್ದನ್ನೇ ಬರೆದಿದ್ದೆ: ಬೋರ್ಡಿನ ಅಂಕಿ ಅಳಿಸು, ಫೈಲಿನಲ್ಲಿ ದೋಷ ಎಂದು ಬರೆ, ಸೈರನ್ ಕೂಗಿಸು, ಆಮೇಲೆ ಮತ್ತೆ ಹೆಸರು ಬರೆಸು.

ಉದ್ಘಾಟನೆಗೆ ಎರಡು ದಿನ ಇದ್ದಾಗ ತಂಟೆ ಶುರುವಾಯಿತು. ಪಕ್ಕದ ಕೋಣೆಯಲ್ಲಿ ಯಾವುದೋ ಯಂತ್ರ ಚಾಲೂ ಆದಾಗಲೆಲ್ಲ ವೈರಿನಲ್ಲಿ ಒಂದಿಷ್ಟು ಕಸ ಬರುತ್ತಿತ್ತು, ಅಂಕಿ ಕೆಡುತ್ತಿತ್ತು, ಸೈರನ್ ಬೊಬ್ಬೆ ಹೊಡೆಯುತ್ತಿತ್ತು. ಅಂದು ಬೆಳಗ್ಗೆ ನಾಲ್ಕು ಸಲ ಹಾಗಾಯಿತು. ರಕ್ತನಿಧಿಯ ಮುಖ್ಯ ವೈದ್ಯರು, ಅವರನ್ನು ಎಲ್ಲರೂ ಡಾಕ್ಟರ್ ಅಂತಲೇ ಅನ್ನುತ್ತಿದ್ದರು, ಹೊರಗೆ ಬಂದರು.

“ಏನಮ್ಮಾ ಇದು? ರಕ್ತ ಕೊಡೋಕೆ ಮಲಗಿರೋರು ಎದ್ದು ಓಡ್ತಾರೆ ಅಷ್ಟೆ. ನಾಡಿದ್ದು ಟ್ರಸ್ಟಿಗಳೆಲ್ಲ ಬರ್ತಾರೆ. ಅವರ ಮುಂದೆ ಹೀಗೆ ಕೂಗಿದ್ರೆ ಪೂರ್ತಿ ಕಿತ್ತು ಹಾಕ್ಸಿಬಿಡ್ತೀನಿ.”

ಸರ್ ವೈರಿಗೆ ಹೊದಿಕೆ ಹಾಕಿಸಿದರು. ನಾನು, ಅದೂ ಸಾಲದೇ ಹೋದರೆ ಎಂಬ ಭಯಕ್ಕೆ, ಮೂವರು ಚಂದಾದಾರರ ದೋಷದ ಭಾಗವನ್ನೂ ಅಳಿಸಿದೆ. ಅಲ್ಲಿ “ಆಮೇಲೆ ಬರೆಯಬೇಕು” ಎಂದೊಂದು ಟಿಪ್ಪಣಿ ಹಾಕಿದೆ. ಕೆಟ್ಟ ಅಂಕಿ ಬಂದರೆ ಅದನ್ನು ಬಿಟ್ಟು ಮುಂದಿನದಕ್ಕೆ ಹೋಗುವಂತೆ ಮೂಲದಲ್ಲೇ ತಿದ್ದಬೇಕಿತ್ತು. ಅದಕ್ಕೆ ಅರ್ಧ ದಿನ ಬೇಕಿತ್ತು. ಹೊದಿಕೆ ಹಾಕಿದ ಮೇಲೆ ಕಸ ನಿಂತಿತು, ಉದ್ಘಾಟನೆ ಚೆನ್ನಾಗಿ ನಡೆಯಿತು, ಕೇಸರಿಬಾತ್ ತಿಂದು ಬಂದೆವು. ಆ ಅರ್ಧ ದಿನ ಬರಲೇ ಇಲ್ಲ.

ಅಲ್ಲಿ ಹಗಲು ಪಾಳಿಯ ಟೆಕ್ನಿಷಿಯನ್ ಒಬ್ಬ ಹೆಂಗಸು. ಐವತ್ತರ ಹತ್ತಿರದವರು, ಮತ್ತಿಕೆರೆಯಿಂದ ಎರಡು ಬಸ್ಸು ಬದಲಿಸಿ ಬರುತ್ತಿದ್ದರು. ಮೊದಮೊದಲು ನನ್ನನ್ನು ಮೇಡಂ ಎನ್ನುತ್ತಿದ್ದವರು ಎರಡನೆಯ ವಾರಕ್ಕೆ “ಊಟ ಆಯ್ತೇನಮ್ಮಾ” ಎನ್ನುವಷ್ಟು ಹತ್ತಿರವಾಗಿದ್ದರು. ಬೋರ್ಡು ಹಾಕಿದ ಮೇಲೂ ಅವರು ಗಂಟೆಗೊಮ್ಮೆ ಫ್ರಿಜ್ಜಿನ ಬಾಗಿಲು ತೆರೆದು, ಕನ್ನಡಕ ಹಣೆಗೇರಿಸಿ, ಥರ್ಮಾಮೀಟರ್ ನೋಡುತ್ತಿದ್ದರು. ಒಂದು ದಿನ ನಾನು ಹೇಳಿದೆ:

“ಮೇಡಂ, ಇನ್ನು ಬಾಗಿಲು ತೆಗೀಬೇಡಿ. ತೆಗೆದಾಗಲೆಲ್ಲ ತಂಪು ಹೊರಗೆ ಹೋಗುತ್ತೆ. ಬೋರ್ಡ್ ನೋಡಿ ಬರ್ಕೊಳ್ಳಿ, ಸಾಕು.”

“ನಂಬಬಹುದಾ ಇದನ್ನ?”

“ನಿಮ್ಮ ಥರ್ಮಾಮೀಟರ್‌ಗಿಂತ ಜಾಸ್ತಿ ನಂಬಬಹುದು,” ಎಂದೆ. ನಕ್ಕೆ ಕೂಡ.

ಸುಮಾರು ಐದು ತಿಂಗಳು ಎಲ್ಲ ಸರಿಯಾಗಿತ್ತು. ಏಪ್ರಿಲ್‌ನ ಒಂದು ಸೋಮವಾರ ಬೆಳಗ್ಗೆ ಡಾಕ್ಟರಿಂದ ಫೋನು ಬಂತು. ಸರ್ ಸ್ಕೂಟರಿನ ಹಿಂದೆ ಕೂತು ಹೋದೆ.

ಹಿಂದಿನ ದಿನ ಭಾನುವಾರ. ಬೆಳಗ್ಗೆ ಕರೆಂಟು ಒಂದು ಸಲ ಮಿಣುಕಿ ಬಂದಿತ್ತು. ಆ ಮಿಣುಕಿಗೆ ಫ್ರಿಜ್ಜಿನ ಸ್ಟೆಬಿಲೈಜರ್ ಟ್ರಿಪ್ ಆಗಿ ಕಂಪ್ರೆಸರ್ ನಿಂತುಹೋಗಿತ್ತು. ಅಂದು ರಕ್ತ ಕೇಳಿಕೊಂಡು ಬಂದವರು ಇಬ್ಬರೇ. ಅವರಿಗೆ ಬೇಕಾದ ಬ್ಯಾಗುಗಳು ಪಕ್ಕದ ಚಿಕ್ಕ ಫ್ರಿಜ್ಜಿನಲ್ಲಿದ್ದವು. ದೊಡ್ಡದರ ಬಾಗಿಲನ್ನು ಯಾರೂ ತೆರೆದಿರಲಿಲ್ಲ. ಸಂಜೆ ಐದಕ್ಕೆ ಪಾಳಿ ಬದಲಾದಾಗ ಬಂದ ಇನ್ನೊಬ್ಬ ಟೆಕ್ನಿಷಿಯನ್ ಒಂದು ಬ್ಯಾಗು ತೆಗೆಯಲು ಬಾಗಿಲು ತೆರೆದರೆ ಒಳಗೆ ತಂಪೇ ಇಲ್ಲ. ಗೋಡೆಯ ಮೇಲೆ 4.1. ಆತ ಗಾಬರಿಯಾಗಿ ಕಂಪ್ಯೂಟರ್ ಆರಿಸಿ ಹಾಕಿದ್ದ. ಕೂಡಲೇ ಬೋರ್ಡಿನಲ್ಲಿ 11.8 ಬಂದು ಸೈರನ್ ಕೂಗಿತ್ತು. ಆತ ಡಾಕ್ಟರಿಗೆ ಹೇಳಿದ್ದು ಈ ಕೊನೆಯದನ್ನಷ್ಟೇ; ಮೊದಲು 4.1 ಇದ್ದದ್ದೂ ಕಂಪ್ಯೂಟರ್ ಆರಿಸಿ ಹಾಕಿದ್ದೂ ನಮಗೆ ತಿಳಿದದ್ದು ಎಷ್ಟೋ ದಿನದ ಮೇಲೆ.

ನಾವು ಹೋದಾಗ ಬ್ಯಾಗುಗಳನ್ನು ಒಂದೊಂದಾಗಿ ತೆಗೆದು ನಂಬರ್ ಓದಿ, ಎಸೆಯಲೆಂದು ಹಳದಿ ಚೀಲಕ್ಕೆ ಹಾಕುತ್ತಿದ್ದರು. ಮೂವತ್ತೆಂಟು ಬ್ಯಾಗು. ಮುಕ್ಕಾಲು ಪಾಲು ಹಿಂದಿನ ವಾರ ಒಂದು ಕಾಲೇಜಿನ ಶಿಬಿರದಲ್ಲಿ ಹುಡುಗ ಹುಡುಗಿಯರು ಕೊಟ್ಟದ್ದು. ಸಿಗುವುದೇ ಕಷ್ಟವಾದ ಓ ನೆಗೆಟಿವ್ ಎರಡಿದ್ದವು. ಹತ್ತಿರದ ನರ್ಸಿಂಗ್ ಹೋಮಿನಲ್ಲಿ ಮಂಗಳವಾರ ಆಪರೇಷನ್ ಆಗಬೇಕಿದ್ದ ಹೆಂಗಸಿಗೆಂದು ಎತ್ತಿಟ್ಟವು. ಆ ಆಪರೇಷನ್ ಮುಂದಕ್ಕೆ ಹೋಯಿತು. ದಾನಿಗಳು ಸಿಕ್ಕಿ ಮುಂದಿನ ವಾರ ಅದು ಸುಸೂತ್ರವಾಗಿ ಮುಗಿಯಿತೆಂದು ಆಮೇಲೆ ತಿಳಿಯಿತು. ಆದರೆ ಅಂದು ಆಕೆಯ ಗಂಡ ಕೌಂಟರಿನ ಬಳಿ ನಿಂತು, “ಇಲ್ಲೇ ಇತ್ತಲ್ಲ ಸಾರ್, ಶನಿವಾರ ನಾನೇ ನೋಡ್ಕೊಂಡು ಹೋದ್ನಲ್ಲ,” ಎಂದು ಮತ್ತೆ ಮತ್ತೆ ಹೇಳುತ್ತಿದ್ದರು.

ಡಾಕ್ಟರ ಕೋಣೆಯಲ್ಲಿ ಹಗಲು ಪಾಳಿಯ ಟೆಕ್ನಿಷಿಯನ್ ನಿಂತಿದ್ದರು. ಮೇಜಿನ ಮೇಲೆ ರಿಜಿಸ್ಟರ್ ಬಿಚ್ಚಿತ್ತು. ಬೆಳಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಏಳು ಸಾಲು, ಏಳರಲ್ಲೂ 4.1, ಒಂದೇ ಇಂಕು, ಒಂದೇ ಕೈ.

“ಆರು ಗಂಟೆ ಹೊತ್ತು ಒಂದು ಪಾಯಿಂಟೂ ಅತ್ತಿತ್ತ ಆಗ್ಲಿಲ್ವಾ? ಕೂತಲ್ಲೇ ಬರೆದಿದೀರಿ,” ಎಂದರು ಡಾಕ್ಟರ್.

“ಇಲ್ಲ ಸರ್. ಎದ್ದು ಹೋಗಿ ಬೋರ್ಡ್ ನೋಡಿ ಬರೆದೆ.”

“ಬೋರ್ಡ್ ಸರಿಯಾಗಿದೆಯಲ್ಲಮ್ಮ. ಸಂಜೆ ಅದೇ ಬೋರ್ಡು ಹನ್ನೊಂದು ಚಿಲ್ಲರೆ ತೋರಿಸ್ತು. ಸೈರನ್ನೂ ಕೂಗ್ತು.”

“ಮಧ್ಯಾಹ್ನ ನಾಲ್ಕು ಪಾಯಿಂಟ್ ಒಂದೇ ಇತ್ತು ಸರ್.”

ಅವರು ನನ್ನ ಕಡೆ ಒಮ್ಮೆ ನೋಡಿದರು. ನಾನು ರಿಜಿಸ್ಟರ್ ನೋಡುತ್ತಾ ನಿಂತೆ. ಬೋರ್ಡು ನೋಡಿ ಬರೆಯಲು ಹೇಳಿದ್ದು ನಾನು ಎಂದು ಅವರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಸುಳ್ಳು ದಾಖಲೆ ಬರೆದ ಆರೋಪದ ಮೇಲೆ ಅಂದೇ ಅವರನ್ನು ಅಮಾನತು ಮಾಡಿದರು. ಮುಂದಿನ ವಾರದ ಶುಕ್ರವಾರದೊಳಗೆ ಲಿಖಿತ ಉತ್ತರ ಕೊಡಬೇಕು.

ಹೊರಗೆ ಬಂದಾಗ ಸರ್ ಹೇಳಿದರು: “ಏನಾಗಿದೆ ಅಂತ ಮೊದಲು ನೋಡೋಣ. ಗೊತ್ತಾಗೋವರೆಗೆ ನಾವೇನೂ ಮಾತಾಡೋದು ಬೇಡ.” ಅದು ಸರಿಯಾದ ಮಾತೇ ಆಗಿತ್ತು. ನನಗೆ ಅದೊಂದು ನೆವವೂ ಆಯಿತು.

ದಾಖಲೆಯ ಫೈಲು ತೆರೆದೆ. ಭಾನುವಾರ ಬೆಳಗ್ಗೆ 9.41ಕ್ಕೆ 4.1 ಎಂದಿತ್ತು. ಮುಂದಿನ ಸಾಲು ಸಂಜೆಯದು. ನಡುವೆ ಏನೂ ಇಲ್ಲ, ದೋಷದ ಸಾಲೂ ಇಲ್ಲ. ವೈರು ಸಡಿಲವಾಗಿರಬಹುದೆಂದು ಸರ್ ಅದನ್ನು ಬದಲಿಸಿದರು. ಮಂಗಳವಾರ ಇನ್ನೊಂದು ಸಂಗತಿ ಕಂಡಿತು: ಕಂಪ್ಯೂಟರಿಗೆ ಯುಪಿಎಸ್ ಇತ್ತು, ಆದರೆ ಸೆನ್ಸರಿನ ಪೆಟ್ಟಿಗೆಯನ್ನು ಯಾರೋ ಮಾಮೂಲಿ ಪ್ಲಗ್ಗಿಗೆ ಚುಚ್ಚಿದ್ದರು. ಅಂದರೆ ಕರೆಂಟು ಹೋದಾಗ ಪೆಟ್ಟಿಗೆ ಆರಿದೆ. ಸಿಕ್ಕಿತು ಎಂದುಕೊಂಡು ಅಂಥದೇ ಇನ್ನೊಂದು ಪೆಟ್ಟಿಗೆಯನ್ನು ಆಫೀಸಿನಲ್ಲಿ ಜೋಡಿಸಿ ಪ್ಲಗ್ ಕಿತ್ತೆ. ಬೋರ್ಡಿನ ಅಂಕಿ ನಿಂತಿತು. ಒಂದು ನಿಮಿಷ ಬಿಟ್ಟು ಹಾಕಿದೆ. ಅಂಕಿ ಮತ್ತೆ ಬರತೊಡಗಿತು. ಹತ್ತು ಸಲ ಮಾಡಿದೆ, ಹತ್ತು ಸಲವೂ ತಾನಾಗಿ ಎದ್ದುಕೊಂಡಿತು. ಬುಧವಾರವಿಡೀ ಕಂಪ್ಯೂಟರಿನ ಮೆಮೊರಿ ತುಂಬಿತೇ, ಗಡಿಯಾರ ತಪ್ಪಿತೇ ಎಂದು ಹುಡುಕಿ ಕಳೆದೆ. ಟೆಕ್ನಿಷಿಯನ್ ನಿಜಕ್ಕೂ ಕೂತಲ್ಲೇ ಬರೆದಿರಬಹುದು ಎಂಬ ಯೋಚನೆ ಅಂದು ನನಗೆ ಬಂತು. ಬಂದದ್ದು ಮಾತ್ರವಲ್ಲ, ಹಾಗೇ ಆಗಿರಲಿ ಎಂದು ಆಸೆಯಾಯಿತು.

ಗುರುವಾರ ಮಧ್ಯಾಹ್ನ ಕೆಳಗಿನ ಅಂಗಡಿಯಲ್ಲಿ ಯಾರೋ ಗೋಡೆ ಕೊರೆಯುವ ಯಂತ್ರ ಹಾಕಿದರು. ನಮ್ಮ ಟ್ಯೂಬ್‌ಲೈಟ್ ಒಂದು ಸಲ ಪಟಪಟ ಅಂದು ಸುಮ್ಮನಾಯಿತು. ಸ್ವಲ್ಪ ಹೊತ್ತಿಗೆ ನೋಡಿದರೆ ನನ್ನ ಪರೀಕ್ಷೆಯ ಬೋರ್ಡಿನಲ್ಲಿ ಅಂಕಿ ಕದಲುತ್ತಿರಲಿಲ್ಲ. ಸೆನ್ಸರನ್ನು ಅಂಗೈಯಲ್ಲಿ ಬಿಗಿಯಾಗಿ ಹಿಡಿದೆ. ಕೋಣೆಯ ಶಾಖ 27.9 ಎಂದೇ ನಿಂತಿತ್ತು.

ಪೂರ್ತಿ ಆರಿ ಹೊತ್ತಿದರೆ ಪೆಟ್ಟಿಗೆ ಹೊಸ ಸಾಲಿನಿಂದ ಶುರು ಮಾಡುತ್ತಿತ್ತು. ಕ್ಷಣಮಾತ್ರ ಮಿಣುಕಿದರೆ, ಕಳಿಸುತ್ತಿದ್ದ ಅಂಕಿ ಅರ್ಧಕ್ಕೆ ತುಂಡಾಗಿ, ಪೆಟ್ಟಿಗೆ ಎಚ್ಚರಗೊಂಡಾಗ ಕಳಿಸುವ ಅಕ್ಷರಗಳು ಅದಕ್ಕೇ ಅಂಟಿಕೊಳ್ಳುತ್ತಿದ್ದವು. ನನ್ನ ಪ್ರೋಗ್ರಾಮಿಗೆ ಅದನ್ನು ಅಂಕಿಯಾಗಿ ಓದಲಾಗದು. ಅದು ನಿಯಮದಂತೆ ಮೂವರು ಚಂದಾದಾರರಿಗೂ “ದೋಷ” ಎಂದು ತಿಳಿಸಿ, ಹರಿವನ್ನು ನಿಲ್ಲಿಸುತ್ತಿತ್ತು. ಮೂವರಲ್ಲೂ ಆ ಭಾಗ ಖಾಲಿ. ಬೋರ್ಡು ತನಗೆ ಬಂದ ಕೊನೆಯ ಅಂಕಿಯನ್ನು ಹಿಡಿದುಕೊಂಡು ನಿಂತಿತು. ಸೈರನ್ ಆರಕ್ಕಿಂತ ದೊಡ್ಡ ಅಂಕಿಗಾಗಿ ಕಾಯುತ್ತಿತ್ತು; ಯಾವ ಅಂಕಿಯೂ ಬರುವಂತಿರಲಿಲ್ಲ. ಎಲ್ಲ ಸರಿಯಾಗಿರುವುದಕ್ಕೂ ಎಲ್ಲ ನಿಂತುಹೋಗಿರುವುದಕ್ಕೂ ಹೊರಗಿನಿಂದ ನೋಡುವವರಿಗೆ ಏನೂ ವ್ಯತ್ಯಾಸವಿರಲಿಲ್ಲ.

ಫೈಲು ತೆರೆದೆ. ಪ್ರೋಗ್ರಾಮಿನಲ್ಲಿ “ಆಮೇಲೆ ಬರೆಯಬೇಕು” ಎಂಬ ಟಿಪ್ಪಣಿ ಮೂರು ಕಡೆಯೂ ಹಾಗೇ ಇತ್ತು.

ಮುಂದೆ ನಾನು ಮಾಡಿದ್ದನ್ನು ಹೇಳಬೇಕು. ಖಾಲಿ ಬಿಟ್ಟದ್ದು ಅವಸರದ ತಪ್ಪು. ಇದು ಯೋಚಿಸಿ ಮಾಡಿದ್ದು. ಐದು ತಿಂಗಳಿಂದ ಸಿಗದಿದ್ದ ಆ ಅರ್ಧ ದಿನವನ್ನು ಅಂದು ಸಂಜೆಯೊಳಗೆ ಹುಡುಕಿಕೊಂಡೆ. ದೋಷದ ಭಾಗಗಳನ್ನು ತುಂಬಿದೆ, ಕೆಟ್ಟ ಸಾಲನ್ನು ಬಿಟ್ಟು ಮುಂದೆ ಹೋಗುವಂತೆ ಮಾಡಿದೆ. ಹಳೆಯದರ ಒಂದು ಪ್ರತಿಯನ್ನು ಅಭ್ಯಾಸಬಲದಿಂದ ಸಿಡಿಗೆ ಹಾಕಿದೆ. ಶುಕ್ರವಾರ ಬೆಳಗ್ಗೆ ಚಾಮರಾಜಪೇಟೆಗೆ ಹೋಗಿ ಹೊಸದನ್ನು ಹಾಕಿದೆ.

“ಏನಾದ್ರೂ ತೊಂದರೆ ಸಿಕ್ತಾ?” ಎಂದು ಡಾಕ್ಟರ್ ಕೇಳಿದರು.

“ಸುಮ್ನೆ ಒಂದು ಅಪ್‌ಡೇಟ್ ಹಾಕ್ತಿದೀನಿ ಸರ್. ಸಿಸ್ಟಂ ಸರಿಯಾಗಿದೆ.”

ಆ ಗಳಿಗೆಗೆ ಅದು ನಿಜವೇ. ಸರ್‌ಗೆ, ವೈರಿನಲ್ಲಿ ಸ್ವಲ್ಪ ಕಸ ಬರುತ್ತಿತ್ತು, ಸರಿಮಾಡಿದೆ ಎಂದೆ. ಅವರು ನನ್ನ ಮುಖವನ್ನೇ ಒಂದು ಕ್ಷಣ ನೋಡಿ ಬೆಸುಗೆ ಹಾಕುವ ಕೆಲಸಕ್ಕೆ ಬಗ್ಗಿದರು. ಆ ತಿಂಗಳು ಇನ್ನೆರಡು ಆಸ್ಪತ್ರೆಗಳವರು ನಮ್ಮ ಬೋರ್ಡು ನೋಡಲು ಬರುವವರಿದ್ದರು.

ಅಲ್ಲಿಂದ ಐದು ದಿನ ಆಫೀಸಿಗೆ ಹೋದೆ, ಬಂದೆ. ಅಮಾನತು ತಾನಾಗಿ ರದ್ದಾಗಬಹುದು, ಎಷ್ಟು ವರ್ಷದ ಸರ್ವೀಸಿದೆ, ಎಚ್ಚರಿಕೆ ಕೊಟ್ಟು ಬಿಡಬಹುದು ಎಂದು ಲೆಕ್ಕ ಹಾಕುತ್ತಿದ್ದೆ. ಮನೆಯಲ್ಲಿ ಅಮ್ಮ, “ಯಾಕೆ, ಅನ್ನ ಕಲಸ್ಕೊಂಡು ಕೂತಿದೀಯ?” ಎಂದರೆ ತಲೆನೋವು ಎನ್ನುತ್ತಿದ್ದೆ.

ಬುಧವಾರ ಮಧ್ಯಾಹ್ನ ಮೂರರ ಹೊತ್ತಿಗೆ ಮೆಟ್ಟಿಲು ಹತ್ತಿ ಆ ಟೆಕ್ನಿಷಿಯನ್ ಬಂದರು. ಬಿಸಿಲಲ್ಲಿ ಬಂದು ದಣಿದಿದ್ದರು. ಸರ್ ಹೊರಗೆ ಹೋಗಿದ್ದರು. ನೀರು ಕೊಟ್ಟೆ. ಕುಡಿದು, ಚೀಲದಿಂದ ನಾಲ್ಕು ಮಡಿಕೆ ಮಾಡಿದ ಹಾಳೆ ತೆಗೆದರು. ಅವರ ಉತ್ತರದ ಕರಡು, ರೂಲು ಹಾಕಿದ ಕಾಗದದ ಮೇಲೆ ಉರುಟು ಅಕ್ಷರ.

“ನಾಡಿದ್ದು ಕೊಡಬೇಕು ಮೇಡಂ,” ಎಂದರು. ಮತ್ತೆ ಮೇಡಂ ಆಗಿದ್ದೆ. “ಒಂದು ಮಾತು ಕೇಳ್ಕೊಂಡು ಹೋಗೋಣ ಅಂತ ಬಂದೆ.”

“ಹೇಳಿ ಮೇಡಂ.”

“ಬೋರ್ಡ್ ನೋಡಿ ಬರೀರಿ ಅಂತ ನೀವು ಹೇಳಿದ್ರಲ್ಲ, ಅದನ್ನ ಇದ್ರಲ್ಲಿ ಬರೀಬಹುದಾ? ನಮ್ಮ ಮನೇಲಿ ಬರಿ ಅಂತಾರೆ. ಆದ್ರೆ ನಿಮ್ಗೆ ಅದ್ರಿಂದ ತೊಂದ್ರೆ ಆಗೋದಾದ್ರೆ ಬೇಡ. ನೀವಿನ್ನೂ ಚಿಕ್ಕೋರು, ಕೆಲಸಕ್ಕೆ ಸೇರಿ ಎಷ್ಟು ವರ್ಷ ಆಯ್ತು? ನನ್ಗೇನು, ಇನ್ನೆಂಟು ವರ್ಷದ ಸರ್ವೀಸು.”

ಕರಡಿನಲ್ಲಿ ಆ ಸಾಲಿಗೆಂದು ಎರಡು ಗೆರೆ ಖಾಲಿ ಬಿಟ್ಟುಕೊಂಡಿದ್ದರು. ನನ್ನ ಉತ್ತರ ನೋಡಿಕೊಂಡು ತುಂಬಲು.

ಆ ಖಾಲಿ ಗೆರೆಗಳನ್ನು ನೋಡಿ ಹೇಳಿದೆ: “ಮೇಡಂ, ಬೋರ್ಡು ನಿಂತುಹೋಗಿತ್ತು. ನಾಲ್ಕು ಪಾಯಿಂಟ್ ಒಂದು ಅಂತಾನೇ ನಿಂತಿತ್ತು. ತಪ್ಪು ನನ್ನ ಪ್ರೋಗ್ರಾಮ್‌ದು. ನೀವು ನೋಡಿದ್ದು ಸರಿ, ಬರೆದಿದ್ದೂ ಸರಿ.”

ಅವರು ಕೈಯಲ್ಲಿದ್ದ ಲೋಟ ಕೆಳಗಿಟ್ಟರು. “ಯಾವಾಗ ಗೊತ್ತಾಯ್ತು?”

“ಹೋದ ಗುರುವಾರ.”

ಅವರು ಬಯ್ಯುತ್ತಾರೆಂದು ಕಾದೆ. ಹಾಳೆಯನ್ನು ಮತ್ತೆ ಅದೇ ಮಡಿಕೆಗಳಲ್ಲಿ ಮಡಚಿದರು. “ಹಾಗಾದ್ರೆ ನೀವೇ ಬಂದು ಹೇಳ್ತೀರಾ?” ಎಂದರು.

“ನಾಳೆ ಬೆಳಗ್ಗೆ ಬರ್ತೀನಿ.”

ಸರ್ ಬಂದ ಮೇಲೆ ಎಲ್ಲ ಹೇಳಿದೆ. ಅವರು ಕುರ್ಚಿ ಎಳೆದುಕೊಂಡು ಕೂತರು.

“ನನಗೆ ಯಾಕೆ ಹೇಳ್ಲಿಲ್ಲ?”

“ನೀವು ಕೇಳ್ಲಿಲ್ಲ ಅಂತ ಸಮಾಧಾನ ಮಾಡ್ಕೊಂಡೆ ಸರ್.”

“ಹೂಂ. ನಾನೂ ಗೊತ್ತಾಗಬಾರದು ಅಂತಲೇ ಕೇಳ್ಲಿಲ್ಲ.” ಮೇಜಿನ ಮೇಲಿನ ಪ್ಯಾಡು ಎಳೆದುಕೊಂಡು, “ಒಂದು ಕಾಗದ ಬರೆದು ಕೊಟ್ಬಿಡೋಣ. ತಾಂತ್ರಿಕ ದೋಷ ಅಂತ,” ಎಂದರು.

“ಕಾಗದ ಓದಿ ಅವರಿಗೆ ಏನೂ ಗೊತ್ತಾಗಲ್ಲ ಸರ್. ಟೆಕ್ನಿಷಿಯನ್ ಮೇಲೆ ಕನಿಕರಕ್ಕೆ ಬರೆದ್ವಿ ಅಂದ್ಕೋತಾರೆ. ಬೋರ್ಡು ನಿಂತದ್ದನ್ನ ಅವರು ಕಣ್ಣಾರೆ ನೋಡ್ಬೇಕು.”

“ಆ ಇನ್ನೆರಡು ಆಸ್ಪತ್ರೆಯವರ ಕಿವಿಗೂ ಬೀಳುತ್ತೆ, ಗೊತ್ತಲ್ಲ?”

“ಗೊತ್ತು ಸರ್.”

ಅವರು ಎದ್ದು ಎಕ್ಸ್‌ಟೆನ್ಶನ್ ಬೋರ್ಡು ಹುಡುಕಿ ನನ್ನ ಮುಂದೆ ಇಟ್ಟರು.

ಗುರುವಾರ ಬೆಳಗ್ಗೆ ಡಾಕ್ಟರ ಕೋಣೆಯಲ್ಲಿ ಮೇಜಿನ ಮೇಲೆ ಎಲ್ಲ ಜೋಡಿಸಿದೆವು. ಸಿಡಿಯಿಂದ ಹಳೆಯ ಪ್ರೋಗ್ರಾಂ, ಒಂದು ಚಿಕ್ಕ ಬೋರ್ಡು, ಸೈರನ್, ಪೆಟ್ಟಿಗೆ. ಮಂಜುಗಡ್ಡೆ ಹಾಕಿದ ನೀರಿನ ಲೋಟ ಒಂದು, ಬಿಸಿನೀರಿನದು ಒಂದು. ಟೆಕ್ನಿಷಿಯನ್ ಅವರನ್ನೂ ಕರೆಸಿ ಎಂದು ಕೇಳಿಕೊಂಡಿದ್ದೆ. ಅವರು ಬಾಗಿಲ ಬಳಿ ನಿಂತಿದ್ದರು. ಸೆನ್ಸರನ್ನು ತಣ್ಣೀರಿನಲ್ಲಿಟ್ಟೆ. 3.6 ಬಂತು. ಎಕ್ಸ್‌ಟೆನ್ಶನ್ನಿನ ಸ್ವಿಚ್ಚನ್ನು ಚಟ್ ಎಂದು ಆರಿಸಿ ಹಾಕಿದೆ. ಅಂಕಿ ಬರುತ್ತಲೇ ಇತ್ತು. ಮತ್ತೆ ಮಾಡಿದೆ. ಬರುತ್ತಲೇ ಇತ್ತು. ಅಂಕಿ ಕಳಿಸುವ ಗಳಿಗೆಗೆ ಸರಿಯಾಗಿ ಮಿಣುಕಬೇಕು. ಕೈಯಲ್ಲಿ ಅದು ಸುಲಭವಲ್ಲ. ಐದು, ಆರು, ಏಳು. 

“ನೋಡಿ, ಸರಿಯಾಗೇ ಇದೆಯಲ್ಲ,” ಎಂದು ಡಾಕ್ಟರ್ ಎದ್ದರು. “ನಿಮ್ಮ ಒಳ್ಳೆ ಮನಸ್ಸು ಅರ್ಥವಾಗುತ್ತಮ್ಮ. ನನಗೆ ಶಿಬಿರಕ್ಕೆ ಹೊರಡಬೇಕು.”

“ಇನ್ನೈದು ನಿಮಿಷ ಸರ್. ದಯವಿಟ್ಟು.”

ಸರ್ ಅಂದರು, “ಪೆಟ್ಟಿಗೆಯ ದೀಪ ನೋಡಿ. ಕಳಿಸುವಾಗ ಮಿನುಗುತ್ತೆ. ಮಿನುಗಿದ ತಕ್ಷಣ ಆರಿಸಿ.” ನಾನು ಗಾಬರಿಯಲ್ಲಿ ಅದನ್ನೇ ಮರೆತಿದ್ದೆ. ಎರಡು ಸಲ ತಪ್ಪಿತು. ಮೂರನೆಯ ಸಲ ಅಂಕಿ ನಿಂತಿತು. ನಿಂತದ್ದು ನೋಡಿದರೆ ಗೊತ್ತಾಗುವಂಥದ್ದಲ್ಲ, 3.6 ಎಂದು ಕೆಂಪಗೆ, ಸ್ಪಷ್ಟವಾಗಿ ಉರಿಯುತ್ತಿತ್ತು. ಸೆನ್ಸರ್ ತೆಗೆದು ಬಿಸಿನೀರಿನಲ್ಲಿ ಮುಳುಗಿಸಿದೆ. 3.6. ಲೋಟದಿಂದ ಹಬೆ ಏಳುತ್ತಿತ್ತು. ಡಾಕ್ಟರ್ ಬೆರಳದ್ದಿ ಥಟ್ಟನೆ ಹಿಂದಕ್ಕೆಳೆದುಕೊಂಡರು. ಸೈರನ್ ಸುಮ್ಮನಿತ್ತು. ಎರಡು ಮೂರು ನಿಮಿಷ ಆ ಅಂಕಿಯನ್ನೇ ನೋಡಿದೆವು.

ಆಮೇಲೆ ನಾನು ಉಳಿದದ್ದನ್ನೂ ಹೇಳಿದೆ: ದೋಷದ ಭಾಗ ಅಳಿಸಿದ್ದು, ಯಾಕೆ ಅಳಿಸಿದ್ದು, ಬಾಗಿಲು ತೆರೆಯಬೇಡಿ ಎಂದದ್ದು, ಹಿಂದಿನ ಗುರುವಾರವೇ ತಿಳಿದದ್ದು, ಶುಕ್ರವಾರ ಅವರಿಗೆ ಸುಳ್ಳು ಹೇಳಿದ್ದು. ಡಾಕ್ಟರ್ ಎಲ್ಲ ಕೇಳಿಸಿಕೊಂಡರು.

“ಅಮಾನತು ರದ್ದು ಮಾಡ್ತೀನಿ,” ಎಂದರು. “ಆದರೆ ಥರ್ಮಾಮೀಟರ್ ನೋಡಿ ಬರೆಯೋದು ನಿಯಮ. ಅದನ್ನ ಬಿಟ್ಟಿದ್ದಕ್ಕೆ ಎಚ್ಚರಿಕೆ ಫೈಲಿನಲ್ಲಿ ಇರುತ್ತೆ.”

“ಬಿಡಿ ಅಂತ ಹೇಳಿದ್ದು ನಾನು ಸರ್.”

“ನೀವು ನಮ್ಮ ಸಿಬ್ಬಂದಿ ಅಲ್ಲಮ್ಮ. ನಿಮ್ಮ ಮಾತು ಕೇಳಿದ್ದು ಅವರ ತಪ್ಪು. ನಿಮ್ಮ ಸೈರನ್ನಿಗೆ ಬೇಜಾರಾಗಿ ರೇಗಿದ್ದು ನನ್ನ ತಪ್ಪು. ಅದನ್ನ ಯಾವ ಫೈಲಿನಲ್ಲಿ ಹಾಕೋದು?”

ನಮ್ಮ ಬೋರ್ಡನ್ನು ಅಂದೇ ಆರಿಸಿದರು. ಇನ್ನೆರಡು ಆಸ್ಪತ್ರೆಗಳಲ್ಲಿ ಒಂದರಿಂದ ಮತ್ತೆ ಕರೆ ಬರಲಿಲ್ಲ. ಸರ್ ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಆ ಬಗ್ಗೆ ಮಾತೂ ಎತ್ತಲಿಲ್ಲ. ಇಡೀ ಪ್ರೋಗ್ರಾಮನ್ನು ನಾನು ಮೊದಲಿಂದ ಬರೆದೆ. ಈ ಸಲ ಶುರು ಮಾಡಿದ್ದು ಅಂಕಿ ಬರದೇ ಹೋದರೆ ಏನು ಮಾಡಬೇಕು ಎಂಬಲ್ಲಿಂದ. ಮೂವತ್ತು ಸೆಕೆಂಡು ಏನೂ ಬಾರದಿದ್ದರೆ ಅದನ್ನೂ ಒಂದು ಸುದ್ದಿಯೆಂದೇ ಚಂದಾದಾರರಿಗೆ ತಿಳಿಸಬೇಕು. ಬೋರ್ಡು ಖಾಲಿಯಾಗಬೇಕು, ಸೈರನ್ ಕೂಗಬೇಕು. ಒಬ್ಬ ಚಂದಾದಾರ ಎಡವಿದರೆ ಉಳಿದವರಿಗೆ ತಲುಪುವುದು ನಿಲ್ಲಬಾರದು. ಪೆಟ್ಟಿಗೆಯೂ ಯುಪಿಎಸ್‌ಗೇ ಬಂತು.

ಮೂರು ತಿಂಗಳ ಮೇಲೆ, ಒಂದು ತಿಂಗಳು ಪರೀಕ್ಷೆಗೆಂದು ಡಾಕ್ಟರ್ ಒಪ್ಪಿದರು. ಗಂಟೆಗೊಮ್ಮೆ ಥರ್ಮಾಮೀಟರ್ ಅಂಕಿಯನ್ನೂ ಬೋರ್ಡಿನ ಅಂಕಿಯನ್ನೂ ಅಕ್ಕಪಕ್ಕ ಬರೆಯಬೇಕು. ಹಗಲಿನಲ್ಲಿ ಅದನ್ನು ಮಾಡುತ್ತಿದ್ದವರು ಅದೇ ಟೆಕ್ನಿಷಿಯನ್. ನಾನು ದಿನಕ್ಕೊಮ್ಮೆ ಹೋಗಿ ನೋಡಿ ಬರುತ್ತಿದ್ದೆ. ನಮ್ಮ ನಡುವೆ ಕೆಲಸದ ಮಾತಷ್ಟೇ ಇತ್ತು. ಎರಡನೆಯ ವಾರ ಅವರೇ, “ಅಂಕಿ ಪಕ್ಕದಲ್ಲಿ ಅದು ಯಾವಾಗ ಬಂದಿದ್ದು ಅಂತ ಟೈಮೂ ತೋರಿಸ್ಬಹುದಾ?” ಎಂದು ಕೇಳಿದರು. ಯಾವ ಪುಸ್ತಕದಲ್ಲೂ ನಾನು ಓದಿರದ ಮಾತು. ಮಾರನೆಯ ದಿನ ಹಾಕಿಕೊಟ್ಟೆ.

ಅಂದು ಅವರು ತಾವೇ ಪೆಟ್ಟಿಗೆಯ ವೈರು ಕಿತ್ತು, ಗಡಿಯಾರ ನೋಡುತ್ತಾ ನಿಂತರು. ಮೂವತ್ತಕ್ಕೆ ಬೋರ್ಡು ಖಾಲಿಯಾಯಿತು, ಸೈರನ್ ಕೂಗಿತು. ವೈರು ವಾಪಸ್ ಹಾಕಿ, ರಿಜಿಸ್ಟರಿನಲ್ಲಿ ಬರೆದು, ಪೆನ್ನಿನ ಮುಚ್ಚಳ ಹಾಕಿದರು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಮೂರು ತಿಂಗಳಿಂದ ಕೇಳಬೇಕೆಂದುಕೊಂಡಿದ್ದನ್ನು ಕೇಳಿದೆ.

“ಮೇಡಂ, ನನ್ನ ಕ್ಷಮಿಸಿದೀರಾ?”

ಅವರು ಕುರ್ಚಿಯ ಮೇಲೆ ಕೂತರು. ಸಿಟ್ಟಿನ ಮುಖವಾಗಿರಲಿಲ್ಲ.

“ಪ್ರೋಗ್ರಾಂ ತಪ್ಪಾಗಿದ್ದಕ್ಕಾ? ಅದಕ್ಕೆ ನನಗೇನೂ ಇಲ್ಲ. ನಾನೂ ರಕ್ತ ಹೊಂದುತ್ತಾ ಅಂತ ನೋಡೋ ಕ್ರಾಸ್ ಮ್ಯಾಚ್‌ನಲ್ಲಿ ಒಂದ್ಸಲ ಲೇಬಲ್ ತಪ್ಪಿದೀನಿ, ಯಾರೋ ನೋಡಿ ತಿದ್ದಿದ್ರು. ಆದ್ರೆ ಆ ಹತ್ತು ದಿನ ಇದೆಯಲ್ಲ… ಮೊದಲ ಮೂರು ದಿನ ನಾನು ನೋಡಿದೀನಿ ಅಂತ ಎಲ್ಲರ ಹತ್ರ ವಾದ ಮಾಡ್ದೆ. ಆಮೇಲೆ ಮನೇಲಿ ಕೂತು ಯೋಚಿಸ್ತಾ ಯೋಚಿಸ್ತಾ, ಹನ್ನೊಂದಕ್ಕೆ ಎದ್ದು ಹೋಗಿದ್ನಾ, ಹನ್ನೆರಡಕ್ಕೆ ಹೋಗಿದ್ನಾ ಅಂತ ನೆನಪು ಮಾಡ್ಕೊಳ್ಳೋಕೆ ಹೋದ್ರೆ, ಯಾವುದೂ ಗಟ್ಟಿ ಸಿಗ್ತಿರ್ಲಿಲ್ಲ. ಕೊನೇಗೆ ನಾನೇ ಕೂತಲ್ಲೇ ಬರೆದಿದೀನಿ ಅಂತ ನಂಬಿಬಿಟ್ಟಿದ್ದೆ ಕಣ್ರೀ. ನಿಮ್ಮ ಆಫೀಸಿಗೆ ಬಂದ ದಿನ ನನ್ನ ಚೀಲದಲ್ಲಿ ಇನ್ನೊಂದು ಕಾಗದ ಇತ್ತು. ತಪ್ಪಾಯ್ತು ಅಂತ ಒಪ್ಕೊಂಡು ಬರೆದಿದ್ದು. ನಿಮಗೆ ಅದನ್ನ ತೋರಿಸ್ಲಿಲ್ಲ.”

ಕೌಂಟರಿನ ಬಳಿ ಯಾರೋ ಬಂದು ಗಂಟೆ ಒತ್ತಿದರು. ಅವರು ಕನ್ನಡಕ ಇಳಿಸಿಕೊಂಡು ಎದ್ದು ಹೋದರು. ಹೋಗುವಾಗ ಫ್ರಿಜ್ಜಿನ ಬಾಗಿಲು ಭದ್ರವಾಗಿದೆಯೇ ಎಂದು ಒಮ್ಮೆ ಕೈಯಿಂದ ಒತ್ತಿ ನೋಡಿದರು.